ಐನೂರಕ್ಕೆ ಬಾಲ ಅಂಟಿಸಿದ ಅಧ್ಯಕ್ಷರಿಗೆ

ಪರೀಕ್ಷಾ ಮಂಡಳಿಯ ಅಧ್ಯಕ್ಷರೇ,

‘ಮಾನ್ಯರೇ’ ಎಂದೇ ಆರಂಭಿಸಬೇಕಿತ್ತು. ಆದರೆ ತಮ್ಮನ್ನು ಮನ್ನಿಸುವವರು ಹೆಚ್ಚೋ ಮನ್ನಿಸದವರು ಹೆಚ್ಚೋ ಎಂದು ಯಾರೂ ಇನ್ನೂ ಎಣಿಸಿಲ್ಲ. ತಲೆ ಎಣಿಸದೆ ಯಾವುದನ್ನೂ ಸರಿ ಎನ್ನಬಾರದು ಎಂಬುದು ತಮ್ಮದೇ ಕಚೇರಿಯ ಪದ್ಧತಿ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ಇಂಗ್ಲಿಷ್ ಶಿಕ್ಷಕರ ಹುದ್ದೆಗೆ ನಡೆದ ಪರೀಕ್ಷೆಯಲ್ಲಿ ಸರಿಯಾದ ಉತ್ತರ ಬರೆದಳೆಂಬ ಕಾರಣಕ್ಕೆ ನನ್ನ ಅಕ್ಕನನ್ನು ತಾವು ಫೇಲು ಮಾಡಿದ್ದೀರಿ. ಕೈತಪ್ಪಿ ಮಾಡಿದ್ದಲ್ಲ. ಅವಳ ಉತ್ತರ ಸರಿ ಎಂದು ತಮಗೆ ಗೊತ್ತಿತ್ತು, ತಮ್ಮ ತಜ್ಞರಿಗೆ ಗೊತ್ತಿತ್ತು, ತಮ್ಮ ಕೋಣೆಗೆ ಚಹಾ ತರುವವರಿಗೂ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಗೊತ್ತಿದ್ದೇ ಮಾಡಿದಿರಿ, ನಗುನಗುತ್ತಾ ಮಾಡಿದಿರಿ.

ಪ್ರಶ್ನೆ ಏನೆಂಬುದು ತಮಗೆ ಬಾಯಿಪಾಠವಾಗಿರುತ್ತದೆ; ಈ ಪತ್ರ ಓದುವ ಉಳಿದವರಿಗಾಗಿ ಹೇಳುತ್ತೇನೆ. ಒಂದು ಕಾರ್ಖಾನೆಯಲ್ಲಿ ಐನೂರು ಕಾರ್ಮಿಕರಿದ್ದಾರೆ. ಇದನ್ನು ಇಂಗ್ಲಿಷಿನಲ್ಲಿ ಹೇಳುವ ಸರಿಯಾದ ವಾಕ್ಯವನ್ನು ಆರಿಸಬೇಕು. ‘ಎ’ ಆಯ್ಕೆಯಲ್ಲಿ ‘ಫೈವ್ ಹಂಡ್ರೆಡ್ ವರ್ಕರ್ಸ್’ ಎಂದಿತ್ತು. ‘ಬಿ’ ಆಯ್ಕೆಯಲ್ಲಿ ‘ಫೈವ್ ಹಂಡ್ರೆಡ್ಸ್ ವರ್ಕರ್ಸ್’ ಎಂದಿತ್ತು. ಉಳಿದೆರಡು ಯಾರೂ ಮೂಸಿಯೂ ನೋಡದಂಥವು. ಅಕ್ಕ ‘ಎ’ಗೆ ಗುರುತು ಹಾಕಿದಳು. ಹಾಕದೆ ಏನು ಮಾಡುತ್ತಾಳೆ? ವರ್ಷಗಳಿಂದ ಒಂದು ಶಾಲೆಯಲ್ಲಿ ತಾತ್ಕಾಲಿಕ ಶಿಕ್ಷಕಿಯಾಗಿ ಅದನ್ನೇ ಪಾಠ ಮಾಡಿಕೊಂಡು ಬಂದಿದ್ದಾಳೆ.

ಆ ಪಾಠವನ್ನು ನಾನೇ ಒಮ್ಮೆ ಕೇಳಿದ್ದೇನೆ. ಶಾಲೆಯ ಗೋಡೆಗೆ ಅಂಟಿಕೊಂಡೇ ಬಾಟಲಿ ತೊಳೆಯುವ ಕಾರ್ಖಾನೆಯಿದೆ. ದಿನವಿಡೀ ಗಾಜು ಗಾಜಿಗೆ ತಾಗುವ ಸದ್ದು. ತಗಡಿನ ಮಾಡು. ಅಕ್ಕ ಮರೆತು ಬಂದಿದ್ದ ಊಟದ ಡಬ್ಬಿ ಕೊಡಲು ಹೋದವಳು ಬಾಗಿಲಲ್ಲೇ ನಿಂತೆ.

‘ಇನ್ನೂರು ಅಂತೀರೋ, ಎರಡು ನೂರುಗಳು ಅಂತೀರೋ?’ ಎಂದು ಅವಳು ಕೇಳುತ್ತಿದ್ದಳು.

‘ಇನ್ನೂರು ಮಿಸ್!’

‘ಎರಡು ನೂರುಗಳು ಅಂದ್ರೆ?’

‘ಹುಚ್ಚು ಅಂತಾರೆ ಮಿಸ್!’

‘ಇಂಗ್ಲಿಷ್‌ನವರೂ ಅಷ್ಟೇ ಕಣ್ರೋ. ಮುಂದೆ ಲೆಕ್ಕ ಇದ್ರೆ ಹಂಡ್ರೆಡ್‌ಗೆ ಬಾಲ ಇಲ್ಲ. ಥೌಸಂಡ್‌ಗೂ ಇಲ್ಲ, ಮಿಲಿಯನ್‌ಗೂ ಇಲ್ಲ. ಟೂ ಹಂಡ್ರೆಡ್, ತ್ರೀ ಥೌಸಂಡ್, ಸೆವೆನ್ ಮಿಲಿಯನ್. ಲೆಕ್ಕ ಇಟ್ಟಿಲ್ಲ, ಸುಮ್ನೆ ರಾಶಿ ಇದೆ ಅಂದಾಗ ಮಾತ್ರ ಬಾಲ. ಹಂಡ್ರೆಡ್ಸ್ ಆಫ್ ಪೀಪಲ್. ನಾವು ನೂರಾರು ಜನ, ಸಾವಿರಾರು ಜನ ಅಂತೀವಲ್ಲ, ಹಾಗೆ.’

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಮಿಸ್, ನಮ್ಮ ಕ್ಲಾಸಲ್ಲಿ ಹಂಡ್ರೆಡ್ಸ್ ಆಫ್ ಸೊಳ್ಳೆ!’ ಎಂದಳು.

‘ಎಣಿಸಿ ಹೇಳು, ಬಾಲ ಕತ್ತರಿಸ್ತೀನಿ,’ ಎಂದಳು ಅಕ್ಕ.

ತಗಡು ಹಾರಿಹೋಗುವಂತೆ ನಕ್ಕರು ಮಕ್ಕಳು. ಆ ಮಕ್ಕಳಲ್ಲಿ ಒಬ್ಬರೂ ಈ ಜನ್ಮದಲ್ಲಿ ‘ಫೈವ್ ಹಂಡ್ರೆಡ್ಸ್’ ಎನ್ನಲಾರರು ಎಂದು ನಾನು ಅಂದುಕೊಂಡಿದ್ದೆ. ತಮ್ಮ ಸಾಮರ್ಥ್ಯದ ಪರಿಚಯ ನನಗೆ ಆಗ ಇರಲಿಲ್ಲ.

ಮೊದಲು ಬಂದ ಫಲಿತಾಂಶದಲ್ಲಿ ಅಕ್ಕ ಪಾಸಾಗಿದ್ದಳು. ಆಗ ತಮ್ಮ ಉತ್ತರಸೂಚಿಯಲ್ಲಿ ‘ಎ’ ಎಂದೇ ಇತ್ತು. ಮುಖ್ಯೋಪಾಧ್ಯಾಯಿನಿ ಅವಳ ಬೆನ್ನು ತಟ್ಟಿ, ‘ಇನ್ಮೇಲೆ ನೀನೂ ನಮ್ಮ ಹಾಗೆ ಖಾಯಂ ಗೊಣಗಬಹುದು ಬಿಡು,’ ಎಂದರು. ಅಮ್ಮ ಅಕ್ಕಪಕ್ಕದ ಮನೆಗಳಿಗೆಲ್ಲ ಸಿಹಿ ಹಂಚಿದಳು. ಅಕ್ಕನಿಗೆ ಇದು ಕಡೆಯ ಅವಕಾಶವಾಗಿತ್ತು. ಮುಂದಿನ ಪರೀಕ್ಷೆಯ ಹೊತ್ತಿಗೆ ಅವಳ ವಯಸ್ಸು ತಮ್ಮ ಮಿತಿಯನ್ನು ದಾಟುತ್ತದೆ. ಖಾಯಂ ಆಗದವರನ್ನು ಶಾಲೆ ಇನ್ನು ಮುಂದೆ ಇಟ್ಟುಕೊಳ್ಳುವುದಿಲ್ಲ. ಆ ಒಂದು ಹುದ್ದೆಯ ಮೇಲೆ ನಮ್ಮ ಮನೆ ನಿಂತಿದೆ ಎಂದು ಬರೆದರೆ ತಾವು ಅರ್ಜಿಯ ರಾಗ ಎನ್ನುತ್ತೀರಿ. ಹಾಗಾಗಿ ಅದನ್ನು ಬಿಡುತ್ತೇನೆ. ಹಿಂದಿನ ಬೆಂಚಿನ ಆ ಹುಡುಗಿಯನ್ನು ನಗಿಸುವ ಕೆಲಸ ಬಿಟ್ಟು ಅಕ್ಕನಿಗೆ ಬೇರೆ ಕೆಲಸ ಬಾರದು ಎಂದಷ್ಟೇ ಹೇಳುತ್ತೇನೆ.

ಆಮೇಲೆ ಆಕ್ಷೇಪಣೆಗಳು ಬಂದವು. ತಮ್ಮ ಗೇಟಿನ ಹೊರಗೆ ಮಾರುವ ಗೈಡಿನಲ್ಲಿ ‘ಹಂಡ್ರೆಡ್ಸ್’ ಎಂದೇ ಅಚ್ಚಾಗಿತ್ತು. ಅದನ್ನು ನಂಬಿ ‘ಬಿ’ ಹಾಕಿದವರು ತಮ್ಮ ಬಾಗಿಲಿಗೆ ಬಂದು ಕೂಗಿದರು. ಅವರನ್ನು ನಾನು ಬಯ್ಯುವುದಿಲ್ಲ, ಅವರೂ ನಮ್ಮಂಥವರೇ. ಎರಡು ಪುಸ್ತಕ ತೆರೆದು ನೋಡಿ, ‘ಅಪ್ಪಾ, ನಿಮ್ಮ ಗೈಡ್ ತಪ್ಪು’ ಎಂದು ಹೇಳುವುದು ತಮ್ಮ ಕೆಲಸವಾಗಿತ್ತು. ಅದಕ್ಕೆ ಸಂಬಳ, ಕಾರು, ಕಾರಿಗೊಬ್ಬ ಚಾಲಕ. ತಾವು ಏನು ಮಾಡಿದಿರಿ? ಉತ್ತರಪತ್ರಿಕೆಗಳನ್ನು ಯಂತ್ರಕ್ಕೆ ಹಾಕಿಸಿ ‘ಎ’ಗೆ ಎಷ್ಟು ಜನ, ‘ಬಿ’ಗೆ ಎಷ್ಟು ಜನ ಎಂದು ಎಣಿಸಿದಿರಿ. ‘ಬಿ’ ಗೆದ್ದಿತು. ಗೆದ್ದ ‘ಬಿ’ಯನ್ನು ಸರಿ ಎಂದು ಘೋಷಿಸಿದಿರಿ. ಅಕ್ಕ ಒಂದೇ ಒಂದು ಅಂಕದಿಂದ ಪಟ್ಟಿಯ ಹೊರಗೆ ಬಿದ್ದಳು.

ಇದು ನಾನು ಕದ್ದು ಕೇಳಿದ ಗುಟ್ಟಲ್ಲ. ತಮ್ಮ ಕಚೇರಿಯ ಕೌಂಟರಿನಲ್ಲಿ ಯಾರು ಕೇಳಿದರೂ ಹೆಮ್ಮೆಯಿಂದ ಹೇಳುತ್ತಾರೆ. ಉತ್ತರದ ಬಗ್ಗೆ ಜಗಳ ಬಂದರೆ ಹೆಚ್ಚು ಜನ ಹಾಕಿದ್ದೇ ಸರಿಯುತ್ತರ. ಬಹಳ ಕಾಲದಿಂದ ನಡೆದುಬಂದ ಪದ್ಧತಿ. ಇದರಿಂದ ಕೋರ್ಟು ಕಚೇರಿ ಎಂದು ಅಲೆಯುವವರು ಕಡಿಮೆಯಾಗಿದ್ದಾರೆ. ತಮ್ಮ ಶಾಖಾಧಿಕಾರಿ ಕನ್ನಡಕ ಒರೆಸುತ್ತಾ ಅಕ್ಕನಿಗೆ ಹೇಳಿದ ಮಾತು ಇದು: ‘ನಿಮ್ದು ಸರಿ ಇರಬಹುದು ಮೇಡಂ, ನಾನು ಇಲ್ಲ ಅನ್ನಲ್ಲ. ಆದ್ರೆ ನಿಮ್ಮ ಜೊತೆ ಯಾರಿದ್ದಾರೆ ಹೇಳಿ?’

‘ವ್ಯಾಕರಣ ಇದೆ ಸಾರ್,’ ಎಂದಳು ಅಕ್ಕ.

‘ಅದು ಪರೀಕ್ಷೆಗೆ ಕೂತಿರ್ಲಿಲ್ವಲ್ಲ,’ ಎಂದರು ಅವರು. ಸುತ್ತಲಿನ ಮೇಜುಗಳಲ್ಲಿ ಕಿಸಕ್ಕನೆ ನಗು.

ನಾನು ಸುಮ್ಮನಿರಲಿಲ್ಲ. ನಾನು ತಮ್ಮ ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವವಳು. ಪ್ರತಿ ಮಾಡಿಸಲು ಬಂದ ಕರಪತ್ರಗಳನ್ನೇ ಓದಿ ಬೆಳೆದವಳು. ಬಿಡುವಿನಲ್ಲಿ ಅವನ್ನೇ ಹಂಚುವವಳು. ಅದು ತಮ್ಮ ಶಾಖಾಧಿಕಾರಿಗೂ ಗೊತ್ತು. ನಾನು ಬಾಯಿ ತೆರೆಯುತ್ತಿದ್ದಂತೆ ಅವರು ಕೈಯೆತ್ತಿ ತಡೆದರು: ‘ನೀನೇ ಗೇಟಲ್ಲಿ ನಿಂತು ಹಂಚ್ತೀಯಲ್ಲಮ್ಮ, ಜನರೇ ದೊಡ್ಡವರು, ಜನ ಹೇಳಿದ್ದೇ ಆಗಬೇಕು ಅಂತ. ಜನ ಬಿ ಅಂದ್ರು. ಈಗ ಜನ ಬೇಡ್ವಾ ನಿಂಗೆ?’

ಅವರಿಗೆ ಕೊಡಬೇಕಿದ್ದ ಉತ್ತರವನ್ನು ತಮಗೆ ಕೊಡುತ್ತೇನೆ, ಯಾಕೆಂದರೆ ಆ ಮಾತು ತಮ್ಮ ಕೋಣೆಯಲ್ಲಿ ಹುಟ್ಟಿ ಅವರ ಬಾಯಿಗೆ ಇಳಿದದ್ದು ಎಂದು ಆಮೇಲೆ ತಿಳಿಯಿತು. ಹೌದು, ಜನರೇ ದೊಡ್ಡವರು. ತಮ್ಮ ಕುರ್ಚಿಯಲ್ಲಿ ಯಾರು ಕೂರಬೇಕು, ಯಾರನ್ನು ಅದರಿಂದ ಎಬ್ಬಿಸಬೇಕು ಎಂದು ಜನರನ್ನು ಕೇಳಿ. ನಾನೇ ಚೀಟಿ ಹಂಚುತ್ತೇನೆ. ಆದರೆ ಆ ಪರೀಕ್ಷೆಯ ಕೋಣೆಗಳಲ್ಲಿ ಕುಳಿತವರನ್ನು ತಾವು ಮತ ಕೇಳಿದಿರೇನು? ಅವರ ಮುಂದೆ ಇಟ್ಟದ್ದು ಪ್ರಶ್ನೆ. ಅವರು ಬೆವರು ಒರೆಸಿಕೊಂಡು, ಪೆನ್ನು ಕಚ್ಚಿಕೊಂಡು, ತಮಗೆ ತಿಳಿದದ್ದನ್ನು ಬರೆದರು. ಅವರು ಮನೆಗೆ ಹೋದ ಮೇಲೆ ತಾವು ಆ ಉತ್ತರಗಳನ್ನೆಲ್ಲ ತೆಗೆದು, ‘ಇವು ಉತ್ತರವಲ್ಲ, ಮತ’ ಎಂದಿರಿ. ಕೇಳದೆ ಪಡೆದ ಮತಕ್ಕೆ ಕಳ್ಳಮತ ಎನ್ನುತ್ತಾರೆ ಅಧ್ಯಕ್ಷರೇ. ಅದೂ ಹೋಗಲಿ. ನಾಳೆ ಕಣ್ಣಿನ ವೈದ್ಯರು ಗೋಡೆಯ ಮೇಲಿನ ಅಕ್ಷರ ತೋರಿಸಿ ಓದಿ ಎಂದಾಗ ತಾವು ತಪ್ಪು ಓದುತ್ತೀರಿ ಎಂದಿಟ್ಟುಕೊಳ್ಳಿ. ಹೊರಗೆ ಬೆಂಚಿನ ಮೇಲೆ ಕುಳಿತ ಮಂಜುಗಣ್ಣಿನವರೂ ತಮ್ಮಂತೆಯೇ ಓದುತ್ತಾರೆ. ಆಗ ವೈದ್ಯರು ಗೋಡೆಯ ಅಕ್ಷರವನ್ನು ತಿದ್ದಿ, ‘ನಿಮ್ಮ ಕಣ್ಣು ಚೆನ್ನಾಗಿದೆ, ಹೋಗಿ ಬನ್ನಿ’ ಎಂದರೆ ತಾವು ಅವರ ಕೈ ಕುಲುಕುತ್ತೀರಾ?

ಇನ್ನೊಂದು. ತಾವು ಹೊರಡಿಸಿದ ಪ್ರಕಟಣೆಯಲ್ಲಿ ‘ಸಾವಿರಾರು ಅಭ್ಯರ್ಥಿಗಳ ಹಿತದೃಷ್ಟಿಯಿಂದ’ ಎಂದಿದೆ. ಎಷ್ಟು ಸಾವಿರ? ಕೇಳಿದರೆ ತಮ್ಮ ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ‘ಎ’ ‘ಬಿ’ ಎಣಿಸಲು ಯಂತ್ರವಿದೆ, ಮನುಷ್ಯರನ್ನು ಹೇಳುವಾಗ ಮಾತ್ರ ಸಾವಿರಾರು. ಲೆಕ್ಕ ಇಡದಿದ್ದಾಗ ಬಾಲ ಬೆಳೆಯುತ್ತದೆ ಎಂದು ಅಕ್ಕ ಮಕ್ಕಳಿಗೆ ಹೇಳಿದ್ದು ಎಂಥ ಸರಿ! ಪ್ರವಾಹದಲ್ಲಿ ಸತ್ತವರು ನೂರಾರು, ಕೆಲಸದಿಂದ ಹೊರಬಿದ್ದವರು ಸಾವಿರಾರು, ಹಸಿದವರು ಲಕ್ಷಾಂತರ. ತಮ್ಮಂಥವರ ವ್ಯಾಕರಣದಲ್ಲಿ ಬಡವರಿಗೆ ಎಂದೂ ಬಿಡಿ ಲೆಕ್ಕ ಸಿಕ್ಕಿಲ್ಲ.

ಈಗ ಅಕ್ಕ ಸಲ್ಲಿಸಿದ ಆಕ್ಷೇಪಣೆಯ ವಿಚಾರಣೆಯ ದಿನಕ್ಕೆ ಬರುತ್ತೇನೆ. ಅಲ್ಲಿ ತಾವೇ ಇದ್ದಿರಿ, ನೆನಪಿರಬಹುದು. ನೆನಪಿಲ್ಲದಿದ್ದರೆ ಆಶ್ಚರ್ಯವೂ ಇಲ್ಲ. ಅಂದು ತಾವು ಬಹಳ ಜನರನ್ನು ಮುಗಿಸಿದಿರಿ.

ತಮ್ಮ ಬಲಗಡೆ ಭಾಷಾತಜ್ಞರು ಕುಳಿತಿದ್ದರು. ನಿವೃತ್ತ ಪ್ರಾಧ್ಯಾಪಕರು, ಬೆಳ್ಳಿ ಕೂದಲು, ಮೃದುವಾದ ಮಾತು. ಅಕ್ಕನನ್ನು ಒಳಗೆ ಕರೆಯುವ ಮೊದಲು ಅವರು ಪಡಸಾಲೆಯಲ್ಲಿ ಸಿಕ್ಕಿ, ‘ಎ ಸರಿ ಕಣಮ್ಮ. ನಲವತ್ತು ವರ್ಷ ನಾನೂ ಅದನ್ನೇ ಪಾಠ ಮಾಡಿದ್ದು,’ ಎಂದಿದ್ದರು. ಅಕ್ಕನ ಮುಖ ಅರಳಿತು. ‘ಒಳಗೂ ಇದನ್ನೇ ಹೇಳ್ತೀರಲ್ಲ ಸಾರ್?’ ಎಂದು ಕೇಳಿದಳು. ಅವರು ನಿಜವಾದ ಅಕ್ಕರೆಯಿಂದಲೇ ಅವಳ ತಲೆ ಸವರಿ, ‘ಒಳಗೆ ನಾನು ಬರೀ ಸಲಹೆಗಾರ ಮಗಳೇ,’ ಎಂದರು. ಒಳಗೆ ಅವರು ಒಂದು ಮಾತೂ ಆಡಲಿಲ್ಲ. ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಮುರಿದು ಬೀಳದಂತೆ ಬಾಯಿಗೆ ಸಾಗಿಸುವುದರಲ್ಲೇ ಅವರ ಪಾಂಡಿತ್ಯವೆಲ್ಲ ಖರ್ಚಾಯಿತು.

ಮಾತಾಡಿದವರು ತಾವು. ‘ಕೂತ್ಕೊಳ್ಳಿ ಮೇಡಂ. ನಿಮ್ಮ ಮೇಲೆ ನಮಗೇನು ದ್ವೇಷನಾ? ವಯೋಮಿತಿ ಸಡಿಲಿಸಿ ಇನ್ನೊಂದು ಸಲ ಪರೀಕ್ಷೆಗೆ ಕೂರಿಸೋಣ. ಆದ್ರೆ ಈ ಆಕ್ಷೇಪಣೆ ವಾಪಸ್ ತಗೋಬೇಕು. ನಿಮ್ಮ ಉತ್ತರ ತಪ್ಪು ಅಂತ ಬರೆದುಕೊಡಿ. ನೀವೇ ತಪ್ಪು ಅಂದ್ಮೇಲೆ ನಮಗೂ ಮುಜುಗರ ಇಲ್ಲ ನೋಡಿ.’

ನಾನು ಬಾಗಿಲ ಬಳಿ ನಿಂತಿದ್ದೆ. ‘ಬರೀಬೇಡ ಅಕ್ಕಾ, ಎದ್ದು ಬಾ’ ಎಂದೆ. ಅವಳು ತಿರುಗಿ, ‘ನೀನು ಹೊರಗಿರೇ’ ಎಂದಳು. ಅವಳು ನನಗೆ ಹಾಗೆ ಎಂದೂ ಹೇಳಿದವಳಲ್ಲ. ಆಮೇಲೆ ಪೆನ್ನು ಕೇಳಿದಳು. ತಾವು ತಮ್ಮ ಜೇಬಿನದನ್ನೇ ಕೊಟ್ಟಿರಿ, ಅಷ್ಟು ಉದಾರಿಗಳು.

ಬರೆದಾಯಿತು. ಅಲ್ಲಿಗೆ ಬಿಡಬಹುದಿತ್ತು. ಗೆದ್ದಾಗಿತ್ತು, ಹೆಣದ ಮೇಲೆ ಕಾಲಿಡುವ ಅಗತ್ಯವಿರಲಿಲ್ಲ. ಆದರೆ ತಾವು ಆ ಹಾಳೆಯನ್ನು ಅವಳಿಗೇ ವಾಪಸು ಕೊಟ್ಟು, ‘ಸರಿಯಾದ ವಾಕ್ಯ ಯಾವ್ದು ಅಂತ ಒಂದ್ಸಲ ಓದಿಬಿಡಿ, ಎಲ್ಲರಿಗೂ ಕೇಳ್ಲಿ,’ ಎಂದಿರಿ. ಅಕ್ಕ ಓದಿದಳು. ‘ಫೈವ್ ಹಂಡ್ರೆಡ್ಸ್ ವರ್ಕರ್ಸ್.’

‘ಕೊನೇದು ಸರಿಯಾಗಿ ಕೇಳಿಸ್ಲಿಲ್ಲ. ಹಂಡ್ರೆಡ್...?’

‘ಹಂಡ್ರೆಡ್ಸ್,’ ಎಂದಳು ಅಕ್ಕ.

‘ಭೇಷ್!’ ಎಂದಿರಿ ತಾವು. ಕೋಣೆಯೆಲ್ಲ ನಕ್ಕಿತು. ಪ್ರಾಧ್ಯಾಪಕರೂ ನಕ್ಕರು, ಮುಖ ಬೇರೆ ಕಡೆ ತಿರುಗಿಸಿಕೊಂಡು ನಕ್ಕರು, ಅಷ್ಟರಮಟ್ಟಿಗೆ ಅವರು ಸಂಭಾವಿತರು. ನಾನು ಕರಪತ್ರಗಳಲ್ಲಿ ಹಿಂಸೆಯ ಬಗ್ಗೆ ಬಹಳ ಓದಿದ್ದೇನೆ. ಲಾಠಿ, ಬೂಟು, ಕತ್ತಲ ಕೋಣೆ. ತಾವು ಒಂದು ಅಕ್ಷರದಲ್ಲಿ ಮಾಡಿ ತೋರಿಸಿದಿರಿ. ಖರ್ಚೂ ಇಲ್ಲ, ಕಲೆಯೂ ಉಳಿಯುವುದಿಲ್ಲ.

ಮುಂದಿನ ವಾರ ಅಕ್ಕನ ಜಾಗಕ್ಕೆ ಹೊಸ ಮೇಷ್ಟ್ರು ಬಂದರು. ತಮ್ಮ ಪಟ್ಟಿಯಲ್ಲಿ ಪಾಸಾದವರು. ನನ್ನ ಸಿಟ್ಟಿಗೆ ಅವರೊಬ್ಬ ಒಳ್ಳೆಯ ಗುರಿ ಎಂದುಕೊಂಡು, ಅಕ್ಕನ ಪುಸ್ತಕಗಳನ್ನು ಹೊತ್ತು ತರುವ ನೆಪದಲ್ಲಿ ನಾನೂ ಶಾಲೆಗೆ ಹೋದೆ. ಆದರೆ ಅವರು ದುಷ್ಟರಾಗಿರಲಿಲ್ಲ, ಅದೇ ದುರದೃಷ್ಟ. ಸಣಕಲು ಮೈ, ಇಸ್ತ್ರಿ ಹೊಸದಾಗಿ ಬಿದ್ದ ಅಂಗಿ, ಅಕ್ಕನ ಎದುರು ಕೂರಲೂ ಸಂಕೋಚ. ಅಕ್ಕ ಬೀರುವಿನ ಬೀಗದ ಕೈ ಕೊಟ್ಟಳು, ಯಾವ ಕಿಟಕಿ ಮುಚ್ಚಿದರೆ ಬಾಟಲಿಗಳ ಸದ್ದು ಕಡಿಮೆಯಾಗುತ್ತದೆ ಎಂದು ತೋರಿಸಿದಳು, ಯಾವ ಮಗುವಿಗೆ ಕಿವಿ ಮಂದ ಎಂದು ಹೇಳಿದಳು. ಅವರು ಎಲ್ಲಕ್ಕೂ ತಲೆಯಾಡಿಸಿದರು.

ನಾನೇ ಕೇಳಿದೆ: ‘ನೀವು ಬಿ ಹಾಕಿದ್ರಾ ಸಾರ್?’

‘ಹೂಂ,’ ಎಂದರು.

‘ಗೈಡ್ ನೋಡಿ?’

ಅವರು ನೆಲ ನೋಡಿದರು. ‘ಇಲ್ಲಮ್ಮ. ಎ ಸರಿ ಅಂತ ನಂಗೂ ಗೊತ್ತಿತ್ತು. ಆದ್ರೆ ಜನ ಬಿ ಹಾಕ್ತಾರೆ ಅಂತಾನೂ ಗೊತ್ತಿತ್ತು. ಜಗಳ ಬಂದೇ ಬರುತ್ತೆ, ಆಗ ಎಣಿಸ್ತಾರೆ. ನಮ್ಮ ಕೋಚಿಂಗ್‌ನಲ್ಲಿ ಹೇಳಿಕೊಡೋದೇ ಇದು. ಉತ್ತರ ಹುಡುಕಬೇಡಿ, ಜನ ಎಲ್ಲಿ ಎಡವುತ್ತಾರೆ ಅಂತ ಹುಡುಕಿ, ಅಲ್ಲೇ ಹೋಗಿ ಬೀಳಿ ಅಂತ.’ ಆಮೇಲೆ ಅಕ್ಕನ ಕಡೆ ತಿರುಗಿ, ‘ನೀವೂ ಮುಂದಿನ ಸಲ ಹಾಗೇ ಮಾಡಿ ಮೇಡಂ. ನಿಮಗೆ ಇನ್ನೂ ಸುಲಭ. ಮಕ್ಕಳು ಎಲ್ಲೆಲ್ಲಿ ತಪ್ಪು ಮಾಡ್ತಾರೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?’ ಎಂದರು. ಅವರಿಗೆ ವ್ಯಂಗ್ಯ ಬರುತ್ತಿರಲಿಲ್ಲ. ಸಹಾಯ ಮಾಡುತ್ತಿದ್ದರು.

ಅಧ್ಯಕ್ಷರೇ, ತಮ್ಮ ಸಾಧನೆ ಏನೆಂದು ನನಗೆ ಅಲ್ಲಿ ಅರ್ಥವಾಯಿತು. ತಿಳಿಯದವರು ತಿಳಿಯದೆ ‘ಬಿ’ ಹಾಕಿದರು. ತಿಳಿದವರು ತಿಳಿಯದವರನ್ನು ನೋಡಿ ‘ಬಿ’ ಹಾಕಿದರು. ಪಕ್ಕದವನು ಎಷ್ಟು ದಡ್ಡ ಎಂದು ಅಂದಾಜು ಮಾಡುವುದರಲ್ಲಿ ಯಾರು ಜಾಣರೋ ಅವರನ್ನು ಹೆಕ್ಕಿ ಹೆಕ್ಕಿ ತಾವು ಶಾಲೆಗಳಿಗೆ ಕಳಿಸುತ್ತಿದ್ದೀರಿ. ತಮಗೆ ಅದರಲ್ಲಿ ಅಸಹ್ಯವೇನೂ ಕಾಣದಿರಬಹುದು. ತಾವು ಆ ಕುರ್ಚಿಗೆ ಏರಿದ್ದೂ ಅದೇ ಜಾಣತನದಿಂದ ಎಂದು ಕೌಂಟರಿನಲ್ಲೇ ಹೇಳುತ್ತಾರೆ.

ಹೊಸ ಮೇಷ್ಟ್ರು ಕೊನೆಗೆ ಒಂದು ಪ್ರಶ್ನೆ ಕೇಳಿದರು. ‘ಮಕ್ಕಳಿಗೆ ಏನು ಹೇಳಿಕೊಡ್ಲಿ ಮೇಡಂ? ಹಂಡ್ರೆಡ್ ಅಂತಲೋ, ಹಂಡ್ರೆಡ್ಸ್ ಅಂತಲೋ? ಮುಂದೆ ಅವರೂ ಇದೇ ಮಂಡಳಿ ಪರೀಕ್ಷೆ ಬರೀಬೇಕಲ್ಲ.’ ಅಕ್ಕ ಚಪ್ಪಲಿ ಮೆಟ್ಟಿಕೊಂಡಳು. ಅವಳು ಪ್ರಶ್ನೆಗೆ ಉತ್ತರ ಹೇಳದೆ ತರಗತಿಯಿಂದ ಹೊರಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹಾಗಾದರೆ ನನಗೆ ಬೇಕಾದದ್ದೇನು? ಅಕ್ಕನಿಗೆ ಆ ಅಂಕ ಕೊಡಿ ಎಂದು ಬೇಡುವುದಿಲ್ಲ. ತಪ್ಪೊಪ್ಪಿಗೆ ಬರೆಸಿಕೊಂಡಿದ್ದೀರಿ, ಅದನ್ನು ಚೌಕಟ್ಟು ಹಾಕಿಸಿ ಇಟ್ಟುಕೊಳ್ಳಿ. ನನ್ನ ಬೇಡಿಕೆ ಒಂದೇ: ಎಣಿಕೆಯಿಂದ ಉತ್ತರ ನಿಶ್ಚಯಿಸುವ ಈ ಪದ್ಧತಿಯನ್ನು ಮುಂದಿನ ಪರೀಕ್ಷೆಗೆ ಮೊದಲು ರದ್ದು ಮಾಡಿ, ರದ್ದು ಮಾಡಿದ್ದನ್ನು ಪತ್ರಿಕೆಯಲ್ಲಿ ಪ್ರಕಟಿಸಿ. ಮುಂದೆ ಯಾವಾಗಲಾದರೂ ಅಲ್ಲ, ಮುಂದಿನ ಪರೀಕ್ಷೆಗೆ ಮೊದಲು. ಆ ಅವಸರ ಏಕೆಂದು ಹೇಳುತ್ತೇನೆ.

ಅಕ್ಕ ಈಗ ಮನೆಯಲ್ಲಿ ಓದುತ್ತಿದ್ದಾಳೆ. ವ್ಯಾಕರಣದ ಪುಸ್ತಕ ಮುಟ್ಟುವುದಿಲ್ಲ. ಒಂದು ಹಾಳೆಯ ಮೇಲೆ ಪ್ರಶ್ನೆ ಬರೆದುಕೊಂಡು ಬಾಗಿಲಿಗೆ ಬಂದವರಿಗೆಲ್ಲ ತೋರಿಸುತ್ತಾಳೆ. ಪಕ್ಕದ ಮನೆಯ ಕಾಲೇಜು ಹುಡುಗಿಗೆ, ಗ್ಯಾಸ್ ಸಿಲಿಂಡರ್ ತರುವವನಿಗೆ, ಮಾವನ ಮಗನಿಗೆ. ‘ಇದರಲ್ಲಿ ಯಾವುದು ಸರಿ ಅನ್ಸುತ್ತೆ? ಯೋಚನೆ ಮಾಡ್ಬೇಡ, ಬೇಗ ಹೇಳು.’ ಅವರು ಹೇಳುತ್ತಾರೆ. ತಪ್ಪು ಹೇಳಿದರೆ ಮೊದಲೆಲ್ಲ ತಡೆಯಲಾರದೆ ತಿದ್ದುತ್ತಿದ್ದಳು. ಈಗ ತಿದ್ದುವುದಿಲ್ಲ, ತಲೆಯಾಡಿಸಿ, ‘ಥ್ಯಾಂಕ್ಸ್ ಕಣೋ’ ಎನ್ನುತ್ತಾಳೆ. ನಿನ್ನೆ ನನಗೊಂದು ವಾಕ್ಯ ತೋರಿಸಿದಳು. ನಾನು ಬಾಯಿ ತೆರೆಯುವ ಮೊದಲೇ, ‘ನೀನು ಸಿ ಅಂತೀಯ’ ಎಂದಳು. ನಾನು ಸಿ ಎನ್ನುವವಳಿದ್ದೆ. ಸಿ ತಪ್ಪು. ಅದು ಯಾಕೆ ತಪ್ಪು ಎಂದು ಕೇಳಿದೆ. ‘ಅದು ಬಿಡು, ಅದರಿಂದ ಏನು ಪ್ರಯೋಜನ?’ ಎಂದು ಮುಂದಿನ ಪ್ರಶ್ನೆಗೆ ಹೋದಳು.

ಅವಳು ಮತ್ತೆ ಫೇಲಾಗುತ್ತಾಳೆ ಎಂಬ ಹೆದರಿಕೆ ನನಗಿಲ್ಲ. ಈ ಸಲ ಅವಳು ಪಾಸಾಗುತ್ತಾಳೆ, ಪ್ರಾಯಶಃ ಮೊದಲ ಸ್ಥಾನದಲ್ಲಿ. ಪಾಸಾಗಿ ಇನ್ಯಾವುದೋ ಶಾಲೆಯ ತರಗತಿಗೆ ಹೋಗಿ ನಿಲ್ಲುತ್ತಾಳೆ. ಅಷ್ಟರೊಳಗೆ ಈ ಎಣಿಕೆಯನ್ನು ನಿಲ್ಲಿಸಿ.

ಇಂತಿ,
ತಾವು ಓದುವುದಿಲ್ಲ ಎಂದು ಗೊತ್ತಿದ್ದೂ ಬರೆದ,
ಮುಂದೆ ಪಾಸಾಗಲಿರುವವಳ ತಂಗಿ